ದೈಫಲ್ಲಾನ ಕಪ್ಪು ಎಲೆ

...ನಗು, ನಗು! ನಾನೂ ನಕ್ಕೆ ಕಣಮ್ಮ, ಆ ಪಕ್ಕದ ಮನೆತನದ ಸತ್ತಾಮ ಅನ್ನೋನು ತನ್ನ ವಂಶವೃಕ್ಷ ತಂದು ತೋರಿಸಿದಾಗ. ಯೆಮನಿನ ರಾಜರಿಂದ ಇಳಿದು ಬಂದವರಂತೆ! ಅವನ ತಾತ ಇದೇ ಕೆರಕ್ ಕೋಟೆ ಕೆಳಗೆ ಕತ್ತೆ ಮೇಲೆ ಉಪ್ಪು ಹೇರ್ಕೊಂಡು ಮಾರ್ತಿದ್ದ. ರಾಜರಂತೆ... ಥೂ!

ನಮ್ಮದು ಹಾಗಲ್ಲ. ನೋಡು, ಗೋಡೆ ತುಂಬಾ ಇದೆ. ಹನ್ನೊಂದು ವರ್ಷ! ಗೋರಿ ಗೋರಿ ಸುತ್ತಿ, ಹಲ್ಲಿಲ್ಲದ ಮುದುಕರ ಬಾಯಿ ಬಿಡಿಸಿ ಬರೆದದ್ದು. ಈ ಹಾಜಿ ಮುತ್ಲಕ್, ನಾನು, ಬರೆದೆ ಅಂದ್ರೆ ಮುಗೀತು. ನಾಳಿದ್ದು ಅಚ್ಚಿಗೆ ಹೋಗತ್ತೆ, ಆಮೇಲೆ ಒಂದೆಲೇನೂ ಅಲ್ಲಾಡಲ್ಲ. ಹಸಿರು ಎಲೆ ಅಂದ್ರೆ ಸಂತಾನ ಉಳಿದೋರು. ಕಪ್ಪು ಅಂದ್ರೆ ಮಕ್ಕಳಿಲ್ಲದೆ ಹೋದೋರು. ಏನು? ಹೆಂಗಸರ ಹೆಸರಾ? ಅವರಿಗೇನು ಕೆಲಸ ಇಲ್ಲಿ!

ಬರ್ಕೋ, ಬರ್ಕೋ. ಮನೆತನದ ಕಥೆ ಬೇಕು ಅಂತ ತಾನೇ ಅಮ್ಮಾನ್ ಪೇಟೆಯಿಂದ ಬಂದಿದ್ದು? ನಿಮ್ಮ ವಿಶ್ವವಿದ್ಯಾಲಯದ ಮೇಷ್ಟ್ರುಗಳು... ಅವರ ಮುತ್ತಾತನ ಹೆಸರು ಕೇಳು, ಆಕಾಶ ನೋಡ್ತಾರೆ.

ಅರೆ, ಬಟ್ಟಲು ಯಾಕೆ ಕೆಳಗಿಟ್ಟೆ? ಒಂದು ಗುಟುಕೂ ಕುಡಿದಿಲ್ಲ! ಬಂದೋರು ಕಾಫಿ ಮುಟ್ಟದೆ ಇಟ್ರೆ ಏನೋ ಬೇಡೋದಿದೆ, ಕೊಟ್ಟೆ ಅನ್ನೋವರೆಗೂ ಕುಡಿಯಲ್ಲ ಅಂತ ನಮ್ಮಲ್ಲಿ ಅರ್ಥ. ಪೇಟೆ ಹುಡುಗಿ, ಗೊತ್ತಿದ್ದೇ ಇಟ್ಟೆಯಾ? ...ಸರಿ, ಕೊಟ್ಟೆ! ಏನು ಅಂತ ಕೇಳೋಕೆ ಮೊದಲೇ ಕೊಟ್ಟೆ. ನಾವು ಸತ್ತಾಮನಂಥ ಜನ ಅಲ್ಲ. ಹೇಳು.

ಎದ್ದು ಎಲ್ಲಿಗೆ? ...ಬೆರಳು ತೆಗಿ. ಅದು ನಮ್ಮಣ್ಣ ದೈಫಲ್ಲಾನ ಎಲೆ. ಕಪ್ಪಗಿರೋದು ಕಾಣಲ್ವಾ? ಮಕ್ಕಳಿಲ್ಲ ಅವನಿಗೆ. ಮದುವೇನೇ ಆಗಿರಲಿಲ್ಲ!

ಯಾವ ಹುಡುಗಿ? ಓಹೋ, ಆ ಕಮ್ಮಾರರವಳಾ! ಕುಲುಮೆ ಮುಂದೆ ತಿದಿ ಒತ್ತೋಳು! ಅವರ ಹತ್ರ ಕತ್ತಿ ಮಾಡಿಸ್ತೀವಿ, ಹೆಣ್ಣು ತರಲ್ಲ. ಅವಳಿಗೊಂದು ಗಂಡು ಹುಟ್ಟಿತಂತೆ, ಯಾರದೋ ಏನೋ... 

ಆಂ? ನಿಮ್ಮಪ್ಪನಾ?

...ಓ. ಅವನ ಹೆಸರು ಸೇರಿಸ್ಬೇಕು. ಇದಕ್ಕಾ ಬಂದಿದ್ದು? ಕಮ್ಮಾರರ ಮೊಮ್ಮಗನ್ನ ಈ ಗೋಡೆ ಮೇಲಾ! ನಿಕಾಹ್ ಆಗಿತ್ತು ಅಂತ ನಿಮ್ಮಜ್ಜಿ ಹೇಳಿದ್ಲೇನು? ಹೇಳ್ಲಿ! ಇಬ್ಬರು ಸಾಕ್ಷಿ ಬೇಕು. ಎಲ್ಲಿದಾರೆ? ಒಬ್ಬ, ಅವಳ ಸೋದರಮಾವ, ಸತ್ತು ಮೂವತ್ತು ವರ್ಷ ಆಯ್ತು. ಇನ್ನೊಬ್ಬ...



ಇನ್ನೊಬ್ಬನ ಹೆಸರು ಅವಳು ಹೇಳಿಲ್ಲ, ಅಲ್ವಾ? ...ಹೇಳಿದಾಳೆ. ಅದಕ್ಕೇ ನೀನು ನೇರ ನನ್ನ ಹತ್ರಾನೇ ಬಂದೆ.

ಹಂಗೆ ನೋಡ್ಬೇಡ. ಹತ್ತೊಂಬತ್ತು ವರ್ಷ ನನಗಾಗ. ಅಣ್ಣ ಕೈ ಹಿಡ್ಕೊಂಡು ಕೇಳ್ದ. ಹೋಗಿ ಸಾಕ್ಷಿ ನಿಂತೆ.