ಅಪ್ಪಾಜಿಯ ನಡಿಗೆ

ಅಯ್ಯೋ, ಹಂಗಲ್ರಿ ಅಪ್ಪಾಜಿ! ಯಾಕ ಎದೆ ಉಬ್ಬಿಸ್ಕೊಂಡು ಪರೇಡ್ ಥರ ಬಂದ್ರಿ? ದಿನಾ ನಡೆಯೋ ಹಂಗೆ ನಡೀರಿ ಅಂದ್ನಲ್ಲ. ನಾಗರಾಜಪ್ಪ ಮೇಷ್ಟ್ರು ಈಗೇನು ಕೊಂಡಜ್ಜಿ ಸ್ಕೌಟ್ ಕ್ಯಾಂಪಿಗೆ ಹೊಂಟಿಲ್ಲ, ಕಿಟಕಿ ಹತ್ರದಿಂದ ಬಾಗಿಲ ತನಕ ಬರ್ತಿದಾರೆ, ಅಷ್ಟೆ. ಹಾಂ, ನಗ್ರಿ, ನಗ್ರಿ. ತಲೆ ನರೆತ ಮಗಳು ಅಪ್ಪನ್ನ ಮನೆಯಾಗೆ ಹಿಂದೆ ಮುಂದೆ ನಡೆಸಿ ಚಿತ್ರ ಬಿಡಿಸ್ತಾಳೆ ಅಂದ್ರೆ ಯಾರಿಗಾದ್ರೂ ನಗು ಬರ್ತೈತೆ.

ಇರ್ರಿ, ಇರ್ರಿ... ಆ ಎಡಗಾಲು ಹಂಗೇ ಇರ್ಲಿ. ಹಿಮ್ಮಡಿ ಮೊದ್ಲು ಊರ್ತೀರಲ್ಲ, ಒಂಚೂರು ಹೊರಗಡೆ ವಾಲಿಸಿ, ಅದೇ ಬೇಕಿತ್ತು ನನಗೆ. ಬಂತು. ಕೂಡ್ರಿ ಈಗ. ಕೂಡ್ರಿ ಅಂದ್ನಲ್ಲ! ಆ ಕಾಲು ಸ್ಟೂಲ್ ಮ್ಯಾಲೆ ಇಡ್ರಿ. ಬ್ಯಾಂಡೇಜು ಮತ್ತೆ ಒದ್ದೆ ಆಗೈತೆ ನೋಡ್ರಿ... ನೋವಿಲ್ಲ, ನೋವಿಲ್ಲ! ನಿಮ್ಮದು ಅದೊಂದೇ ಮಾತು. ಶುಗರ್ ಇರೋರಿಗೆ ಪಾದದ ನೋವು ಗೊತ್ತಾಗಲ್ಲ ಅಂತ ಡಾಕ್ಟ್ರು ಬಾಯಿ ಬಡ್ಕೊಂಡ್ರು. ಬೆರಳು ಕರ್ರಗಾದಾಗ್ಲೂ ಹಿಂಗೇ ಅಂದ್ರಿ ನೀವು.

ನಾಳೆ? ನಾಳೆ ಏನೈತ್ರಿ... ಏನೂ ಇಲ್ಲ. ಅಣ್ಣ ಕೊಟ್ಟೂರೇಶ ಕಾರು ತರ್ತಾನೆ, ದಾವಣಗೆರೆಗೆ ಹೋಗೋದು, ಗಾಯ ಕ್ಲೀನ್ ಮಾಡಿಸೋದು. ಅಷ್ಟೆ. ಬ್ಯಾಗ್ ಯಾಕ ಅಷ್ಟು ದೊಡ್ಡದು ಅಂದ್ರೆ... ಒಂದೆರಡು ದಿನ ಇರ್ರಿ ಅಂದ್ರೂ ಅಂದಾರು. ನೀವು ಅದೆಲ್ಲ ತಲೆಗೆ ಹಚ್ಕೋಬ್ಯಾಡ್ರಿ. ಚಾ ಕುಡೀರಿ. ಸಕ್ಕರೆ ಹಾಕಿಲ್ಲ, ಮುಖ ಕಿವುಚಬ್ಯಾಡ್ರಿ ಮತ್ತೆ.

ಈ ಚಿತ್ರ ಯಾರಿಗೆ ಅಂತ ಮತ್ತೆ ಕೇಳ್ತೀರಲ್ಲ! ತಸ್ಲೀಮ್‌ಗೆ ಅಂತ ಬೆಳಿಗ್ಗೇನೇ ಹೇಳಿದ್ನಲ್ರಿ. ಹೈದರಾಬಾದಿನ ಕಾರ್ಟೂನ್ ಸ್ಟುಡಿಯೋದಾಗೆ ನನ್ನ ಪಕ್ಕದ ಡೆಸ್ಕಿನೋಳು, ನನ್ನ ಮುಂದೇನೇ ಬಿರಿಯಾನಿ ಡಬ್ಬಿ ಬಿಚ್ಚಿ ಚಪ್ಪರಿಸ್ತಿದ್ಲು ಅಂತ ಹೇಳ್ತಿರಲಿಲ್ವಾ, ಅವಳೇ. ಪೂರಾ ಕೈಯಾಗೇ ಬಿಡಿಸಿ ಒಂದು ಸಣ್ಣ ಸಿನಿಮಾ ಮಾಡ್ತಾಳಂತೆ. ಅದ್ರಾಗೊಬ್ಬ ಅಜ್ಜ ನಡೀಬೇಕು. ಕಂಪ್ಯೂಟರ್ ಇಲ್ವಾ ಅಂತೀರಾ? ಐತೆ. ಅದು ಬಂದ ಮ್ಯಾಲೇ ಅಲ್ವಾ ನಮ್ಮ ಸ್ಟುಡಿಯೋ ಬಾಗಿಲು ಹಾಕಿದ್ದು, ನಿಮ್ಮ ಮಗಳು ರೂಪಶ್ರೀ ಹರಿಹರಕ್ಕೆ ಬಂದು ಮಕ್ಕಳಿಗೆ ಆನೆ ಬಿಡಿಸೋದು ಹೇಳಿಕೊಡ್ತಾ ಕೂತಿದ್ದು!

ಕೇಳ್ರಿ ಇಲ್ಲಿ. ಕಂಪ್ಯೂಟರ್ ಇಲ್ಲದ ಕಾಲದಾಗೆ ಅಮೆರಿಕದ ದೊಡ್ಡ ಸ್ಟುಡಿಯೋದೋರು ಜಿಂಕೆ ಬಿಡಿಸಬೇಕಂದ್ರೆ ಜಿಂಕೆ ಮರೀನೇ ತಂದು ಒಳಗೆ ಬಿಟ್ಕೊಂಡಿದ್ರಂತೆ! ಹೌದ್ರಿ, ಜೀವಂತ ಜಿಂಕೆ. ಕಾಲು ಹೆಂಗೆ ಎತ್ತತೈತೆ, ಭಾರ ಎಲ್ಲಿ ಬಿಡ್ತೈತೆ, ಎಲ್ಲ ನೋಡ್ಕೊಂಡು ಬಿಡಿಸೋರು. ಡೆಸ್ಕಿಗೊಂದು ಕನ್ನಡಿ ಬೇರೆ. ಅದ್ರಾಗೆ ತಾವೇ ಅತ್ತು, ನಕ್ಕು, ಹಲ್ಲು ಕಿರಿದು, ಆ ಮುಖ ನೋಡ್ಕೊಂಡು ಹಾಳೆ ಮ್ಯಾಲೆ ಇಳಿಸೋದು. ಆಮೇಲೆ ಹೆಣ್ಮಕ್ಕಳು ಕೈಗೆ ಗ್ಲೌಸ್ ಹಾಕ್ಕೊಂಡು ಪಾರದರ್ಶಕ ಹಾಳೆ ಮ್ಯಾಲೆ ಬಣ್ಣ ತುಂಬೋರು. ಅಂಥಾ ಚಿತ್ರ ಫೋಟೋ ತೆಗೆದಾದ ಮ್ಯಾಲೆ ತೊಳೆದು, ಅದೇ ಹಾಳೆ ಮತ್ತೆ ಬಳಸಿದ್ದೂ ಐತಂತೆ! ಎಷ್ಟು ಚಿತ್ರ ಚರಂಡಿಗೆ ಹೋದ್ವೋ... ನೆನೆಸ್ಕೊಂಡ್ರೆ ಹೊಟ್ಟೆ ಉರೀತೈತೆ.

ನಮ್ಮಲ್ಲೂ ಹಂಗೇ ಇತ್ತು ಕೆಲಸ. ದೊಡ್ಡ ಕಲಾವಿದರು ಹೆಜ್ಜೆಯ ಶುರುವಿನ ಚಿತ್ರ, ಕೊನೇ ಚಿತ್ರ ಬಿಡಿಸಿ ಕೊಡೋರು, ನಡುವಿಂದೆಲ್ಲ ನಮ್ಮ ಪಾಲಿಗೆ. ಗಾಜಿನ ಕೆಳಗೆ ಲೈಟು, ಹಾಳೆ ಮ್ಯಾಲೆ ಹಾಳೆ, ಗೆರೆ ಒಂದೆಳೆ ಸರಿಸೋದು, ಮತ್ತೆ ಒಂದೆಳೆ ಸರಿಸೋದು... ದಿನವೆಲ್ಲ ಕೂತ್ರೆ ನಾಲ್ಕು ಹೆಜ್ಜೆ! ಆಗ ಫೋನಿನಾಗೆ ಏನಂದಿದ್ರಿ ನೆನಪೈತಾ? ನಾಲ್ಕು ಹೆಜ್ಜೆಗೆ ಒಂದು ದಿನಾನೇನೇ, ಅಷ್ಟೊತ್ತಿಗೆ ನಮ್ಮ ಸ್ಕೌಟ್ ಹುಡುಗ್ರು ಕೊಂಡಜ್ಜಿಯಿಂದ ಹರಿಹರ ಮುಟ್ಟಿ, ಹೊಳೆಯಾಗೆ ಈಜಿ ಬಂದಿರ್ತಾರೆ ಅಂತ! ಸಿಟ್ಟು ಬಂದಿತ್ತು ನನಗೆ. ಆದ್ರೂ ಅಪ್ಪಾಜಿ, ಯಾವ ಅಜ್ಜನ್ನ ಬಿಡಿಸು ಅಂದ್ರೂ ನನ್ನ ಕೈಗೆ ಬರ್ತಿದ್ದು ನಿಮ್ಮ ನಡಿಗೇನೇ. ನಿಮ್ಮ ಚಪ್ಪಲಿ ಸದ್ದು ಓಣಿ ತುದಿಯಾಗೆ ಕೇಳ್ತಿದ್ದಂಗೇ ಅಮ್ಮ ತಟ್ಟೆ ಹಾಕೋಳು, ಇಣುಕೀನೂ ನೋಡ್ತಿರಲಿಲ್ಲ.

ಏನು, ನೋಡಬೇಕಾ? ತಗೊಳ್ರಿ ಹಾಳೆ ಕಟ್ಟು. ಹಂಗಲ್ಲ... ಎಡಗೈಯಾಗೆ ಗಟ್ಟಿ ಹಿಡ್ಕೊಂಡು ಹೆಬ್ಬೆರಳಿಂದ ಸರ್ರಂತ ಬಿಡ್ರಿ ಹಾಳೇನ. ಹಾಂ! ನಡೀತೈತಾ? ನಡೀತೈತಲ್ಲ! ಇನ್ನೊಂದು ಸಲ ಬಿಡ್ರಿ.

ಮುಖ ಇಲ್ಲ, ಹೌದು. ಕೈನೂ ಇಲ್ಲ. ಮೊಣಕಾಲಿಂದ ಕೆಳಗೆ ಅಷ್ಟೇ ಬಿಡಿಸಿದೀನಿ. ಅದೂ... ಹೂಂ, ಎಡಗಾಲು ಒಂದೇ. ಅಯ್ಯೋ, ಮುಖಕ್ಕೇನ್ರಿ ಅವಸರ? ಮುಖ, ಬಲಗಾಲು ಎಲ್ಲ ಯಾವಾಗ ಬೇಕಾದ್ರೂ ಬಿಡಿಸಬಹುದು, ಅವೆಲ್ಲಿಗೆ ಹೋಗ್ತವೆ...

ಅಪ್ಪಾಜಿ?

ನಾನು ಹೇಳಿದ್ದು... ಸಿನಿಮಾಕ್ಕೆ ಅಷ್ಟೇ ಸಾಕು ಅಂತ ರೀ. ತಸ್ಲೀಮ್ ಹಂಗೇ ಕೇಳಿದ್ಲು. ಅದ್ರಾಗೆ ಬರೀ ಕಾಲೇ ಕಾಣೋದು... ಹಾಳೆ ಕೊಡ್ರಿ ಇಲ್ಲಿ. ಕಾಲು ಯಾಕ ಹಂಗೆ ನೋಡ್ಕೊಳ್ತಿದೀರಿ? ನನ್ನ ನೋಡ್ರಿ. ಬ್ಯಾಡ, ನನ್ನನ್ನೂ ನೋಡಬ್ಯಾಡ್ರಿ. ಬೈರಿ. ಕೆನ್ನೆಗೆ ಬೇಕಾದ್ರೆ ಹೊಡೀರಿ ಅಪ್ಪಾಜಿ.

ಮೊಣಕಾಲ ಕೆಳಗೆ ತೆಗೀಬೇಕಂತೆ. ಬಿಟ್ರೆ ಮ್ಯಾಲಕ್ಕೆ ಏರ್ತೈತಂತೆ. ಇನ್ನೊಬ್ಬ ಡಾಕ್ಟ್ರಿಗೂ ತೋರಿಸಿದ್ವಿ, ಅವ್ರೂ ಅದೇ ಅಂದ್ರು. ನಿಮಗೆ ಮೊದ್ಲೇ ಹೇಳಿದ್ರೆ ಮನೆ ಬಿಟ್ಟು ಬರಲ್ಲ, ಅಲ್ಲೇ ಹೇಳಾಣ ಅಂದ ಅಣ್ಣ. ನಾನೂ ಹೂಂ ಅಂದೆ. ತಸ್ಲೀಮ್ ಸಿನಿಮಾನೂ ಇಲ್ಲ, ಅಜ್ಜನೂ ಇಲ್ಲ. ನನ್ನ ಕೈಯಾಗೆ ಇನ್ನೇನೈತ್ರಿ? ಬರೋದು ಇದೊಂದೇ ವಿದ್ಯೆ. ಇಷ್ಟಾದ್ರೂ ಉಳಿಸ್ಕೊಳ್ಳಾಣ ಅಂತ...

ಎಲ್ಲಿಗೆ ಎದ್ರಿ? ಕಿಟಕಿ ಕಡೆ ಯಾಕ ಹೊಂಟ್ರಿ? ಪಂಚೆ ಯಾಕ ಎತ್ತಿ ಕಟ್ತಿದೀರಿ... ಕಾಲು ಪೂರಾ ಕಾಣ್ಲಿ ಅಂತನಾ?

ಬ್ಯಾಡ್ರಿ ಅಪ್ಪಾಜಿ. ನಡೀಬ್ಯಾಡ್ರಿ. ನನಗೆ ಹಾಳೇನೇ ಕಾಣ್ತಿಲ್ಲ...