ಕ್ಯಾರವಾನ್ ಹತ್ತಿದ ಮಗ್ಗದ ಸದ್ದು

ದೊಡ್ಡಬಳ್ಳಾಪುರದ ಬಸ್ ನಿಲ್ದಾಣದಲ್ಲಿ ನನ್ನ ಪಕ್ಕದ ಬೆಂಚಿನ ಮೇಲೆ ಅರವತ್ತು ದಾಟಿದ ಗಂಡ ಹೆಂಡತಿ ಪ್ರವಾಸದ ಗಾಡಿಗೆ ಕಾಯುತ್ತಿದ್ದರು. ಇಬ್ಬರ ಕಾಲಲ್ಲೂ ಹೊಸ ಬೂಟು. ಯಜಮಾನರು ಕೂತಲ್ಲಿ ಕೂರಲಾರದೆ ಒದ್ದಾಡುತ್ತಿದ್ದರು.

"ಬೆಟ್ಟ ಹತ್ತೋದು, ಸೈಕಲ್ ಹೊಡೆಯೋದು ಎಲ್ಲಾ ಸರಿ ಕಣೇ. ರಾತ್ರಿ ಒಳಗೇ ಮಲಗೋಕೆ ಆ ಕ್ಯಾರವಾನ್ ಗಾಡೀನ ಕಾಡಂಚಲ್ಲಿ ನಿಲ್ಲಿಸ್ತಾರಂತೆ. ಒಂದು ಸದ್ದಿರಲ್ಲ. ನಂಗೆ ನಿದ್ದೆ ಎಲ್ಲಿಂದ ಬರ್ಬೇಕು?"

"ಗೊತ್ತು ರೀ. ಮಗ್ಗ ನಿಂತ್ರೆ ನಿಮಗೆ ಎಚ್ಚರ ಆಗುತ್ತೆ. ಅದಕ್ಕೇ ನಮ್ಮ ಮಗ್ಗದ ಸದ್ದು ಫೋನಲ್ಲಿ ರೆಕಾರ್ಡ್ ಮಾಡ್ಕೊಂಡು ಬಂದಿದೀನಿ."

"ಜೊತೇಲಿ ಇನ್ನೂ ನಾಲ್ಕು ಜನ ಮಲಗ್ತಾರಲ್ಲೇ!"

"ಇಯರ್‌ಫೋನ್ ತಂದಿದೀನಿ. ತಗೊಳ್ಳಿ, ಕೇಳಿ."

ಯಜಮಾನರು ಕೇಳಿದವರೇ ಬ್ಯಾಗನ್ನು ಹೆಗಲಿಗೇರಿಸಿ ಎದ್ದು ನಿಂತರು.

"ಎಲ್ಲಿಗೆ ಹೊರಟ್ರಿ?"

"ಮನೆಗೆ. ಎರಡನೇ ಮಗ್ಗದಲ್ಲಿ ಲಾಳಿ ಸರಿಯಾಗಿ ಓಡ್ತಿಲ್ಲ, ಬಡೀತಾ ಇದೆ. ನಿನ್ನ ಮಗಂಗೆ ಅದು ಕೇಳ್ಸಲ್ಲ. ಸೀರೆ ಎಲ್ಲಾ ಹಾಳ್ಮಾಡ್ತಾನೆ."

"ಕೂತ್ಕೊಳ್ರೀ! ಅದು ಪ್ರವಾಸಕ್ಕೆ ಹೆಸರು ಕೊಟ್ಟ ದಿನಾನೇ ರೆಕಾರ್ಡ್ ಮಾಡಿದ್ದು, ಹೋದ ತಿಂಗಳು. ಆಮೇಲೆ ಆ ಲಾಳಿ ಸರಿ ಮಾಡಿದ್ದು ಯಾರು?"

"ನಾನೇ."

"ಮೈಸೂರಿಗೆ ಹೊರಟಾಗ್ಲೂ ಹಿಂಗೇ ಏನೋ ನೆಪ ಹೇಳಿ ಬಸ್ಸಿಳಿದ್ರಿ. ನಾನೂ ಇಳಿದೆ. ಈ ಸಲ ಇಳಿಯಲ್ಲ, ಹೇಳ್ಬಿಟ್ಟಿದೀನಿ."

ಅಷ್ಟರಲ್ಲಿ ಉದ್ದನೆಯ ಬಿಳಿ ಗಾಡಿ ಬಂದು ನಿಂತಿತು. ಗೈಡ್ ಹುಡುಗಿ ಬಾಗಿಲು ತೆಗೆದು, "ಗಂಗಲಕ್ಷ್ಮಮ್ಮ ಅವರಾ? ಬನ್ನಿ" ಎಂದಳು. ಆಕೆ ತಿರುಗಿ ನೋಡದೆ ಹತ್ತಿದರು.

ಯಜಮಾನರು ಮನೆಯ ದಾರಿಯನ್ನೊಮ್ಮೆ ನೋಡಿದರು, ಕೈಯಲ್ಲಿದ್ದ ಫೋನನ್ನೊಮ್ಮೆ ನೋಡಿದರು.

"ಗಂಗಾ, ಚಾರ್ಜ್ ಹಾಕೋಕೆ ಅಲ್ಲಿ ಪ್ಲಗ್ ಇದ್ಯಾ ಕೇಳೇ!" ಎನ್ನುತ್ತ ಹಿಂದೆಯೇ ಓಡಿದರು.