ತಂಪು ಕೋಣೆಯ ಕುರ್ಚಿ

ಈ ಬೀಳ್ಕೊಡುಗೆ ಸಭೆಯ ಅಧ್ಯಕ್ಷತೆ ವಹಿಸಿರುವ ನಮ್ಮ ಹೂವಿನ ಕಂಪನಿಯ ಯಜಮಾನರೇ, ವೇದಿಕೆಯ ಮೇಲೆ ಆಕಳಿಕೆ ತಡೆದುಕೊಂಡು ಕೂತಿರುವ ಗಣ್ಯರೇ, ಔಷಧಿ ಹೊಡೆಯುವ ತಂಡದ ತಮ್ಮಂದಿರೇ, ಹೂ ಕೊಯ್ಯುವ, ಆರಿಸುವ, ಕಟ್ಟುವ ತಾಯಂದಿರೇ, ಮುಂದಿನ ಸಾಲಿನಲ್ಲಿ ಕೂತಿರುವ ನನ್ನ ಮನೆಯವರೇ, ಮತ್ತು ಎಲ್ಲ ಸಭಿಕರೇ, ನಿಮಗೆಲ್ಲ ಈ ಉಗ್ರಾಣದ ಮುದುಕನ ವಂದನೆಗಳು.

ನನ್ನ ಬಗ್ಗೆ ಮಾತನಾಡಿದ ಮೂವರೂ ನಾನು ತೀರಿಕೊಂಡೆನೇನೋ ಎಂಬಂತೆ ಹೊಗಳಿದರು. ಇಲ್ಲೇ ಕೂತು ಕೇಳಿಸಿಕೊಳ್ಳುತ್ತಿದ್ದೆ, ಮಹನೀಯರೇ! ಮ್ಯಾನೇಜರ್ ಸಾಹೇಬರಂತೂ ನನ್ನನ್ನು ಶಾಂತಮೂರ್ತಿ ಎಂದೇ ಕರೆದುಬಿಟ್ಟರು. ಉಗ್ರಾಣದ ಬಾಗಿಲಲ್ಲಿ ನನ್ನಿಂದ ಬೈಸಿಕೊಳ್ಳದವರು ಈ ಸಭೆಯಲ್ಲಿ ಒಬ್ಬರಾದರೂ ಇದ್ದರೆ ಕೈ ಎತ್ತಿ, ನೋಡೋಣ. ಯಾರೂ ಇಲ್ಲ. ನನ್ನ ಮಗ ಒಬ್ಬ ಎತ್ತಿದ್ದಾನೆ. ಇಳಿಸಪ್ಪಾ, ಕೈ ಇಳಿಸು. ಅದು ನಿನಗೆ ಕೇಳಿದ್ದಲ್ಲ.

ನಮ್ಮಲ್ಲಿ ನಿವೃತ್ತರಾದವರಿಗೆ ಒಂದು ಗೋಡೆ ಗಡಿಯಾರ ಕೊಟ್ಟು ಕಳಿಸುವುದು ವಾಡಿಕೆ. ನಾಳೆಯಿಂದ ಹೊತ್ತು ನೋಡುವ ಕೆಲಸವೇ ಇಲ್ಲದವನಿಗೆ ಗಡಿಯಾರ! ಯಾರ ತಲೆಗೆ ಹೊಳೆಯಿತೋ ಇದು! ನಾನು ಮೊದಲೇ ಯಜಮಾನರ ಕೋಣೆಗೆ ಹೋಗಿ ಹೇಳಿಬಿಟ್ಟೆ: "ನಂಗೆ ಗಡಿಯಾರ ಬೇಡ ಸರ್. ನನ್ನ ಮಗಳು ನಿಮ್ಮಲ್ಲೇ ಹೂವಿನ ಗುಣಮಟ್ಟ ನೋಡೋ ಕೆಲಸದಲ್ಲಿದ್ದಾಳೆ. ಈಗ ಮೂರು ತಿಂಗಳ ಬಸುರಿ. ದಿನವಿಡೀ ಆ ಸುಡೋ ಶೆಡ್‌ಗಳಲ್ಲಿ ಓಡಾಡ್ತಾಳೆ. ಅವಳಿಗೆ ತಂಪು ಕೋಣೆ ಕುರ್ಚಿ ಕೊಡಿ, ಸಾಕು." ಯಜಮಾನರು ನಕ್ಕರು. "ನೀವೇ ಮಾಡಿದ ಕೋಣೆ, ನೀವು ಕೇಳೋದು ಹೆಚ್ಚಾ? ಸೋಮವಾರದಿಂದ್ಲೇ ಕೂರಲಿ" ಎಂದರು. ಅಳಿಯ ದೂರದಲ್ಲಿ ಹಡಗಿನ ಕೆಲಸದಲ್ಲಿದ್ದಾನೆ. ಅವಳನ್ನು ನೋಡಿಕೊಳ್ಳುವವರು ನಾವೇ ತಾನೆ? ಮಗಳು ಮಾತ್ರ ಇನ್ನೂ ಹೂಂ ಅಂದಿಲ್ಲ. "ನೋಡೋಣ ಅಪ್ಪಾ" ಎಂದಿದ್ದಾಳೆ. ಓದಿದವರು ಯಾವುದಕ್ಕೆ ತಾನೆ ನೇರವಾಗಿ ಹೂಂ ಅನ್ನುತ್ತಾರೆ?

ಹೊರಗಿನಿಂದ ಬಂದ ಅತಿಥಿಗಳಿಗೆ ಈ ತಂಪು ಕೋಣೆ ಏನೆಂದು ತಿಳಿಯದು. ಹೇಳುತ್ತೇನೆ. ನಮ್ಮ ಹೂ ಬೆಳೆಯುವುದು ಪ್ಲಾಸ್ಟಿಕ್ ಹೊದಿಸಿದ ಶೆಡ್‌ಗಳಲ್ಲಿ. ಮಧ್ಯಾಹ್ನ ಅದರೊಳಗೆ ಕಾಲಿಟ್ಟರೆ ಉಸಿರೇ ಕಟ್ಟುತ್ತದೆ. ಹಿಂದೆ ಬಸುರಿ ಹೆಂಗಸರು ಸಾಲುಗಳ ನಡುವೆ ತಲೆಸುತ್ತಿ ಬೀಳುತ್ತಿದ್ದರು. ಆಗ ಇದ್ದ ಮ್ಯಾನೇಜರ್ ಒಬ್ಬರು, ಪುಣ್ಯಾತ್ಮರು, "ಬೀಳೋರನ್ನ ಕೆಲಸಕ್ಕೆ ತಗೋಬೇಡಿ" ಎಂದರು. ಅಷ್ಟೇ ಅವರ ಬುದ್ಧಿ! ನಾನು ಯೋಚಿಸಿದೆ. ಈ ಇಡೀ ಕಾಂಪೌಂಡಿನಲ್ಲಿ ಎಸಿ ಇರುವುದು ಎರಡೇ ಕಡೆ. ಒಂದು ಯಜಮಾನರ ಕೋಣೆ. ಅಲ್ಲಿ ಬಸುರಿಯರನ್ನು ಕೂರಿಸಲು ಆಗುವುದಿಲ್ಲ. (ನಗಬೇಡಿ, ಯಜಮಾನರು ನೋಡುತ್ತಿದ್ದಾರೆ.) ಇನ್ನೊಂದು ನನ್ನ ಉಗ್ರಾಣದ ಒಳಕೋಣೆ. ಹುಳುವಿಗೆ ಹೊಡೆಯುವ ಔಷಧಿ ಬಿಸಿಗೆ ಕೆಡುತ್ತದೆ, ಅದಕ್ಕೇ ಅಲ್ಲಿ ಹಗಲೂ ರಾತ್ರಿ ತಂಪು. ಔಷಧಿಗೆ ಸಿಗುವ ತಂಪು ಮನುಷ್ಯರಿಗೆ ಯಾಕೆ ಸಿಗಬಾರದು? ಒಂದು ಒರಗು ಕುರ್ಚಿ ಹಾಕಿಸಿದೆ. ಬೆನ್ನಿಗೆ ದಿಂಬು ಇಟ್ಟೆ. ಕಾಲು ಚಾಚಲು ಖಾಲಿ ಡಬ್ಬ ಬೋರಲು ಹಾಕಿದೆ. ಕೆಲಸವೂ ಹಗುರ. ಔಷಧಿಯ ಪುಡಿಯನ್ನು ಚಮಚದಲ್ಲಿ ತೂಗಿ ಒಂದೊಂದು ಶೆಡ್‌ಗೆ ಒಂದೊಂದು ಪೊಟ್ಟಣ ಕಟ್ಟುವುದು, ಸೋರಿದ ಬಾಟಲಿ ಒರೆಸುವುದು, ಔಷಧಿ ಹೊಡೆಯುವವರ ಹರಿದ ಬಟ್ಟೆಗೆ ಹೊಲಿಗೆ ಹಾಕುವುದು. ಊಟ ಅಲ್ಲೇ, ಬೇಕಾದರೆ ಮೂಟೆಗೆ ಒರಗಿ ಒಂದು ಸಣ್ಣ ನಿದ್ದೆಯೂ ಅಲ್ಲೇ. ಆಮೇಲೆ ಒಬ್ಬಳಾದರೂ ಬಿದ್ದಳೇ? ಎದೆ ಮುಟ್ಟಿಕೊಂಡು ಹೇಳಿ, ಒಬ್ಬಳಾದರೂ?

ಹೆಂಗಸರು ಆ ಕುರ್ಚಿಗಾಗಿ ಜಗಳ ಆಡುತ್ತಿದ್ದರು. "ಅಣ್ಣಾ, ನಂಗೆ ಈ ತಿಂಗಳೇ ಕೊಡಿ ಅಣ್ಣಾ" ಎಂದು ನನ್ನ ಹಿಂದೆ ಹಿಂದೆ ಬರುತ್ತಿದ್ದರು. ದೂರು ಹೇಳಿದವರೂ ಇದ್ದರು, ಇಲ್ಲ ಎನ್ನುವುದಿಲ್ಲ. "ಈ ವಾಸನೆಗೆ ವಾಂತಿ ಬರತ್ತೆ ಅಣ್ಣಾ" ಎಂದಳು ಒಬ್ಬಳು. ಬಸುರಿಗೆ ವಾಂತಿ ಬರದೆ ಇನ್ನೇನು ಬರಬೇಕು? "ಔಷಧಿ ಹೊಡೆಯೋರಿಗೆ ಮುಖವಾಡ ಇದೆಯಲ್ಲ, ನಮಗೂ ಕೊಡಿ" ಎಂದಳು ಇನ್ನೊಬ್ಬಳು. ಕೂತು ಪೊಟ್ಟಣ ಕಟ್ಟುವುದಕ್ಕೆ ಮುಖವಾಡವಂತೆ! ನಾನು ಅದೇ ಉಗ್ರಾಣದಲ್ಲಿ ನನ್ನ ಆಯುಸ್ಸನ್ನೇ ಕಳೆದಿದ್ದೇನೆ. ನೋಡಿ, ಗುಂಡುಕಲ್ಲಿನ ಹಾಗಿದ್ದೇನೆ. ನನ್ನ ಮೇಜು ಹೊರಗೆ ವರಾಂಡದಲ್ಲಿತ್ತು, ಅದು ಬೇರೆ ಮಾತು. ಒಳಗೆ ಹೆಚ್ಚು ಹೊತ್ತು ನಿಂತರೆ ನನಗೆ ತಲೆನೋವು ಬರುತ್ತಿತ್ತು.

ಎಲ್ಲವೂ ಚೆನ್ನಾಗಿ ನಡೆದಿದ್ದಾಗ ಎರಡು ವರ್ಷದ ಹಿಂದೆ ಆ ಡಾಕ್ಟರಮ್ಮ ಬಂದರು. ನಿಮಗೆಲ್ಲ ನೆನಪಿದೆ. ಕೈಯಲ್ಲಿ ಒಂದು ಪೆಟ್ಟಿಗೆ. ಪೆಟ್ಟಿಗೆಯಲ್ಲಿ ಏನು? ಮರದ ತುಂಡು, ಬಣ್ಣದ ಚಿತ್ರ, ದಾರದಲ್ಲಿ ಪೋಣಿಸುವ ಮಣಿ! ನಮ್ಮ ಕೆಲಸಗಾರರ ಮಕ್ಕಳನ್ನೆಲ್ಲ ಸಾಲಾಗಿ ಕೂರಿಸಿ, "ಈ ಚಿತ್ರದಲ್ಲಿ ಏನು ತಪ್ಪಿದೆ ಹೇಳು ಪುಟ್ಟಾ, ಈ ತುಂಡು ಅದರ ಮೇಲೆ ಇಡು ಪುಟ್ಟಾ" ಎಂದು ಇಡೀ ವಾರ ಆಟ ಆಡಿಸಿದರು. ಮಕ್ಕಳೇನು ಸಂತೆಯ ಕುಂಬಳಕಾಯಿಯೇ, ತಟ್ಟಿ ನೋಡಿ ಒಳಗೆ ಹೇಗಿದೆ ಎಂದು ಹೇಳಲು? ಕೊನೆಗೆ ಇದೇ ಸಭಾಂಗಣದಲ್ಲಿ ನಿಂತು ಏನೆಂದರು? ಬಸುರಿಯಾಗಿದ್ದಾಗ ತಂಪು ಕೋಣೆಯಲ್ಲಿ ಕೂತ ತಾಯಂದಿರ ಮಕ್ಕಳು ಮಾತಿನಲ್ಲಿ, ಗಮನದಲ್ಲಿ, ಕೈಚಳಕದಲ್ಲಿ ಉಳಿದ ಮಕ್ಕಳಿಗಿಂತ ಹಿಂದೆ ಇದ್ದಾರಂತೆ. ತಾಯಿ ಉಸಿರಾಡಿದ್ದು ಮಗುವಿನ ಮೆದುಳಿಗೂ ಹೋಗುತ್ತದಂತೆ. ಹುಳುವಿನ ನರ ಕೆಡಿಸುವುದು ಮಗುವಿನ ನರವನ್ನೂ ಬಿಡುವುದಿಲ್ಲವಂತೆ. ಅಂತೆ, ಅಂತೆ, ಅಂತೆ! ಹುಳ ಎಷ್ಟು, ಮನುಷ್ಯ ಎಷ್ಟು? ನಾನು ಎದ್ದು ನಿಂತು ಕೇಳಿದೆ: "ಡಾಕ್ಟರಮ್ಮಾ, ನಿಮಗೆ ಮಕ್ಕಳಿದ್ದಾರಾ?" ಅವರು ಇಲ್ಲ ಎಂದರು. "ಹಾಗಾದ್ರೆ ಕೂತ್ಕೊಳ್ಳಿ" ಎಂದೆ. ಸಭೆಯೆಲ್ಲ ಬಿದ್ದು ಬಿದ್ದು ನಕ್ಕಿತು. ನೀವೂ ನಕ್ಕಿರಿ, ಈಗ ಮುಖ ಸಪ್ಪಗೆ ಮಾಡಿಕೊಳ್ಳಬೇಡಿ. ಆ ಹೆಣ್ಣುಮಗಳು ಪೆಟ್ಟಿಗೆ ಮುಚ್ಚಿಕೊಂಡು ಹೊರಟೇ ಹೋದರು.

ಈ ಓದಿದವರಿಗೆ ಒಂದು ಸರಳ ವಿಷಯ ಗೊತ್ತಿಲ್ಲ. ಒಂದು ಮಗು ಚುರುಕು, ಒಂದು ಮಗು ನಿಧಾನ. ದೇವರು ಕೊಟ್ಟಷ್ಟು ಪಡೆದುಕೊಂಡು ಬಂದಿರುತ್ತವೆ. ಅದಕ್ಕೆ ಪುಡಿ ಏನು ಮಾಡೀತು, ಬಾಟಲಿ ಏನು ಮಾಡೀತು? ಬೇರೆಯವರ ಮನೆ ಯಾಕೆ, ನನ್ನ ಮನೆಯನ್ನೇ ತೆಗೆದುಕೊಳ್ಳಿ. ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೆ?

ನನಗೆ ಇಬ್ಬರು ಮಕ್ಕಳು. ಮಗಳು ಮಾತು ಕಲಿತದ್ದೇ ತಡ, ನನ್ನ ಬಾಯಿಗೆ ಬೀಗ ಬಿತ್ತು. ಶಾಲೆಗೆ ಸೇರುವ ಮೊದಲೇ ಅಂಗಡಿ ಬೋರ್ಡುಗಳನ್ನೆಲ್ಲ ಓದುತ್ತಿದ್ದಳು. ಮಗ ಹಾಗಲ್ಲ. ಐದು ತುಂಬಿದರೂ "ನೀರು" ಎಂದು ಬಾಯಿಬಿಟ್ಟು ಕೇಳಲಿಲ್ಲ. ಕೈ ಹಿಡಿದು ಎಳೆದುಕೊಂಡು ಹೋಗಿ ಕೊಡ ತೋರಿಸುತ್ತಿದ್ದ. ಅಂಗಿ ಗುಂಡಿ ಹಾಕಿಕೊಳ್ಳಲು ಬೆರಳು ನಡುಗುತ್ತಿತ್ತು. ಈಗ ನೋಡಿ, ಇಪ್ಪತ್ತರ ಮೇಲಾಯಿತು, ಇಲ್ಲೇ ಹೂ ಕಟ್ಟುವ ವಿಭಾಗದಲ್ಲಿದ್ದಾನೆ. ಹೂವಿನ ಕಟ್ಟುಗಳಿಗೆ ರಬ್ಬರ್ ಬ್ಯಾಂಡ್ ಹಾಕುವುದರಲ್ಲಿ ಅವನನ್ನು ಮೀರಿಸುವವರಿಲ್ಲ. ಹೂ ಎಣಿಸಿ ಕೊಡುವುದನ್ನು ಬೇರೆಯವರು ಮಾಡುತ್ತಾರೆ. ಚಿನ್ನದಂಥ ಹುಡುಗ. ಒಬ್ಬರ ಮೇಲೂ ಸಿಟ್ಟಾದವನಲ್ಲ. ನನ್ನ ಜೀವ ಅವನು.

ನಮ್ಮ ಮನೆಯವರು ಆಗ ದಿನಾ ಕಣ್ಣೀರು ಹಾಕುತ್ತಿದ್ದರು. "ನಾನೇನು ತಪ್ಪು ಮಾಡ್ದೆ ರೀ?" ಎಂದು ಕೇಳಿ ಕೇಳಿ ನನ್ನ ಕಿವಿ ತೂತಾಗಿತ್ತು. "ನೀನೇನೂ ಮಾಡಿಲ್ಲ, ನಿನ್ನ ತವರಿಂದ ಬಂದಿದ್ದು. ನಿನ್ನ ಅಣ್ಣನ್ನ ನೋಡು, ಇವತ್ತಿಗೂ ಚಿಲ್ಲರೆ ಎಣಿಸೋಕೆ ಬರಲ್ಲ" ಎನ್ನುತ್ತಿದ್ದೆ. ನನ್ನ ಭಾವಮೈದುನ ಇಲ್ಲಿ ಬಂದಿಲ್ಲ, ಬಂದಿದ್ದರೂ ಅವನಿಗೆ ಅರ್ಥವಾಗುತ್ತಿರಲಿಲ್ಲ. ಇವರು ಆಮೇಲೆ ಕೇಳುವುದನ್ನೇ ಬಿಟ್ಟರು. ಅಣ್ಣನ ಮನೆಗೆ ಹೋಗುವುದನ್ನೂ ಬಿಟ್ಟರು.

ಇರಲಿ. ನಾನು ಹೇಳಹೊರಟದ್ದು ಇದು. ಇಬ್ಬರಿಗೂ ಒಬ್ಬಳೇ ತಾಯಿ, ಒಂದೇ ಮನೆ, ಒಂದೇ ಊಟ. ಹಾಗಿದ್ದೂ ಒಬ್ಬಳು ಹೀಗೆ, ಒಬ್ಬ ಹಾಗೆ. ಇಬ್ಬರ ನಡುವೆ ಏನು ವ್ಯತ್ಯಾಸ, ಆ ಡಾಕ್ಟರಮ್ಮ ಹೇಳಲಿ ನೋಡೋಣ. ಏನೂ ಇಲ್ಲ! ಮಗಳು ಹೊಟ್ಟೆಯಲ್ಲಿದ್ದಾಗ ನಮ್ಮ ಮನೆಯವರು ಈ ಕಂಪನಿಗೇ ಸೇರಿರಲಿಲ್ಲ, ಮನೆಯಲ್ಲೇ ಇದ್ದರು. ಮಗನ ಹೊತ್ತಿಗೆ ಇನ್ನೂ ಹೆಚ್ಚು ಜೋಪಾನ. ಆ ಕುರ್ಚಿಯಲ್ಲಿ ಮೊದಲು ಕೂತವರೇ ಇವರು. ಇವರಿಗೆಂದೇ ಅಲ್ಲವೇ ನಾನು ಆ ಕುರ್ಚಿ ಹಾಕಿಸಿದ್ದು? ಹೆರಿಗೆಯ ಹಿಂದಿನ ದಿನದವರೆಗೆ ತಂಪಿನಲ್ಲಿ, ನನ್ನ ಕಣ್ಣೆದುರಿಗೆ, ರಾಣಿಯ ಹಾಗೆ ಕೂರಿಸಿದ್ದೆ. ಅಂದ ಮೇಲೆ...

ಅಂದ ಮೇಲೆ ಏನು?

ಒಂದು ನಿಮಿಷ. ಏನು ಹೇಳುತ್ತಿದ್ದೆ ನಾನು? ವ್ಯತ್ಯಾಸ ಇಲ್ಲ ಎನ್ನುತ್ತಿದ್ದೆ. ಒಬ್ಬಳೇ ತಾಯಿ. ಒಂದೇ ಊಟ. ಇದನ್ನು ನಾನು ಎಷ್ಟೋ ಜನರ ಮುಂದೆ ಹೇಳಿದ್ದೇನೆ, ಚಹಾ ಅಂಗಡಿಯಲ್ಲಿ ಹೇಳಿದ್ದೇನೆ, ಬಸ್ಸಿನಲ್ಲಿ ಹೇಳಿದ್ದೇನೆ. ಎಲ್ಲರೂ ಹೌದು ಹೌದು ಎಂದಿದ್ದಾರೆ. ನೀವು ಯಾಕೆ ನಮ್ಮ ಮನೆಯವರ ಕಡೆ ತಿರುಗಿ ನೋಡುತ್ತಿದ್ದೀರಿ? ಇತ್ತ ನೋಡಿ!

ಏ, ಎಲ್ಲಿಗೆ? ಕ್ಷಮಿಸಿ ಸಭಿಕರೇ, ನಮ್ಮ ಮನೆಯವರು ಎದ್ದಿದ್ದಾರೆ. ಕೂತ್ಕೊಳ್ಳೇ, ಇನ್ನೂ ಫೋಟೊ ತೆಗೆಯೋದಿದೆ. ಮಗಳನ್ನ ಯಾಕೆ ಎಬ್ಬಿಸ್ತಿದ್ದೀಯಾ? ಅವಳ ಕೈ ಬಿಡು. ಇಷ್ಟು ಜನರ ಮುಂದೆ ನನ್ನ ಮರ್ಯಾದೆ... ಆ ಕಡೆ ಬಾಗಿಲು ತೆರೆಯಲ್ಲ, ಈ ಕಡೆ ಹೋಗಿ. ಮೆಟ್ಟಿಲಿದೆ, ನೋಡಿಕೊಂಡು ಇಳಿಸು ಅವಳನ್ನ.

ಹೋದರು.

ಯಜಮಾನರು ನನ್ನ ಅಂಗಿ ಎಳೆಯುತ್ತಿದ್ದಾರೆ. ಎಳೆಯಬೇಡಿ ಸರ್, ಮುಗಿಸುತ್ತೇನೆ. ಸಭಿಕರೇ, ತಂಪು ಕೋಣೆಯಲ್ಲಿ ಯಾವ ದೋಷವೂ ಇಲ್ಲ. ಅದನ್ನು ಕಟ್ಟಿದವನು ನಾನು, ನನಗೆ ಗೊತ್ತಿಲ್ಲವೇ? ಅಲ್ಲಿ ಏನೂ ಇಲ್ಲ. ಏನೂ ಇಲ್ಲ. ಆದರೆ ನನ್ನ ಮಗಳು ಸೋಮವಾರ ಅಲ್ಲಿಗೆ ಬರುವುದಿಲ್ಲ. ಯಾಕೆ ಎಂದು ಯಾರೂ ನನ್ನನ್ನು ಕೇಳಬೇಡಿ. ಅವಳ ಅಪ್ಪ ನಾನು, ಬೇಡ ಎಂದರೆ ಬೇಡ, ಅಷ್ಟೆ.

ಹಿಂದಿನ ಸಾಲಿನಲ್ಲಿ ಯಾರು ಅದು, ನಿಂತವರು? ಓ, ನೀವಿಬ್ಬರಾ. ಈಗ ಆ ಕುರ್ಚಿಯಲ್ಲಿ ಸರದಿಯ ಮೇಲೆ ಕೂರುತ್ತಿರುವವರು. ಯಾಕಮ್ಮಾ ನಿಂತಿರಿ? ಬಸುರಿಯರು ನಿಲ್ಲಬಾರದು, ಕೂತುಕೊಳ್ಳಿ. ನನ್ನನ್ನು ಹಾಗೆ ನೋಡಬೇಡಿ. ನನಗೆ ನಿಮ್ಮ ಮೇಲೆ ಅಕ್ಕರೆ ಇರಲಿಲ್ಲವೇ? ದಿಂಬು ಯಾರು ಇಟ್ಟರು? ಈಗ ನಾನು ನಿಮಗೆ ಏನು ಹೇಳಲಿ? ಆ ಕುರ್ಚಿಯಲ್ಲೇ ಹೋಗಿ ಕೂತುಕೊಳ್ಳಿ ಎನ್ನಲು ಬಾಯಿ ಬರುತ್ತಿಲ್ಲ. ಬಿಡಿ ಸರ್, ಮೈಕ್ ಬಿಡಿ, ಇದೊಂದು ಮಾತು.

ಬೇಡಮ್ಮಾ. ನೀವೂ ಆ ಕೋಣೆಗೆ ಹೋಗಬೇಡಿ.

ಇಷ್ಟು ಹೊತ್ತು ಕೂತು ಕೇಳಿದ ನಿಮಗೂ, ಕೂರಲಾರದೆ ಎದ್ದು ಹೋದವರಿಗೂ ನನ್ನ ಧನ್ಯವಾದ. ಮುಂದಿನ ಸಾಲಿನಲ್ಲಿ ಮಗ ಒಬ್ಬನೇ ಉಳಿದಿದ್ದಾನೆ, ಅಮ್ಮನನ್ನು ಹುಡುಕುತ್ತಿದ್ದಾನೆ. ಇರಪ್ಪಾ, ಬಂದೆ. ಎಲ್ಲರಿಗೂ ನಮಸ್ಕಾರ.